ದೊಡ್ಡಮ್ಮನ ಬಲಗಾಲು

ದೊಡ್ಡಮ್ಮನ ಬಲಮಂಡಿ ನೋಯುವುದಕ್ಕೆ ಶುರುವಾಗಿ ಐದಾರು ವರ್ಷವಾಗಿತ್ತು. ಎಡಮಂಡಿಗೆ ಏನೂ ಇಲ್ಲ, ಕಲ್ಲುಗುಂಡಿನ ಹಾಗಿತ್ತು. ನೋವೆಲ್ಲ ಬಲಕ್ಕೇ. ಮೆಟ್ಟಿಲು ಹತ್ತುವಾಗ ಒಂದು ‘ಅಮ್ಮಾ’, ಇಳಿಯುವಾಗ ಎರಡು ‘ಅಮ್ಮಾ’. ಕೊನೆಗೆ ಡಾಕ್ಟರ ಬಳಿ ಹೋದರೆ, ಅವರು ಮಂಡಿಯನ್ನು ಮಡಿಸಿ ಬಿಡಿಸಿ ನೋಡಿ, “ಏನು ಕೆಲಸ ಮಾಡ್ತೀರಿ?” ಎಂದು ಕೇಳಿದರು.

“ಕೂತು ಮಾಡೋ ಕೆಲಸ.”

“ಕೂತು ಮಾಡೋ ಕೆಲಸ ಅಂದ್ರೆ ಎರಡೂ ಮಂಡಿ ನೋಯಬೇಕಲ್ಲ?”

“ಅದನ್ನ ನೀವು ಹೇಳ್ಬೇಕು. ಅದಕ್ಕೇ ಅಲ್ವಾ ಫೀಸು ತಗೊಳ್ಳೋದು?”

ಡಾಕ್ಟರು ನಕ್ಕು ಒಂದು ಮುಲಾಮು ಬರೆದುಕೊಟ್ಟರು. ವಯಸ್ಸಾಯಿತು ನೋಡಿ ಎಂದರು. ಅಲ್ಲಾ, ವಯಸ್ಸೆನ್ನುವುದು ಒಂದೇ ಕಾಲಿಗೆ ಆಗುತ್ತದೆಯೇ? ದೊಡ್ಡಮ್ಮನಿಗೆ ಈ ಮಾತು ನಾಲಿಗೆ ತುದಿಯವರೆಗೂ ಬಂದಿತ್ತು, ನುಂಗಿಕೊಂಡು ಮನೆಗೆ ಬಂದಳು.

ಅಂದಿನಿಂದ ಸಂಜೆಯ ಮುಲಾಮಿನ ಕೆಲಸ ಗಂಡನದಾಯಿತು. ಗಂಡನದು ಕನ್ನಡಕದ ಅಂಗಡಿ. ದಿನವಿಡೀ ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂಗಳ ಜೊತೆ ಗುದ್ದಾಡುವ ಬೆರಳುಗಳು, ಎಲ್ಲಿ ಒತ್ತಬೇಕು ಎಲ್ಲಿ ಬಿಡಬೇಕು ಎಂದು ಅವಕ್ಕೆ ಗೊತ್ತಿತ್ತು. ಅಂಗಡಿ ಮುಚ್ಚಿ ಬಂದು, ಸೋಫಾದ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಹೆಂಡತಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತಿದ್ದ. ಮುಲಾಮಿನ ಘಾಟು ಮನೆಯ ಪರದೆಗಳಿಗೆಲ್ಲ ಹತ್ತಿಕೊಂಡಿತ್ತು.

“ಕೂತಲ್ಲೇ ಕೂತಿರೋ ಕೆಲಸಕ್ಕೆ ಇಷ್ಟು ನೋವಾ? ನೀನೇನು ಆ ವಿಮಾನಾನ ಸೈಕಲ್ ಥರ ತುಳ್ಕೊಂಡು ಹೋಗ್ತೀಯೇನೇ?” ಎಂದು ಅವನು ಕಾಲೆಳೆಯುತ್ತಿದ್ದ.

“ತುಳೀತೀನಿ, ನಿಮ್ಮನ್ನ. ಸುಮ್ನೆ ಹಚ್ಚಿ.”

ದೊಡ್ಡಮ್ಮನ ಕೆಲಸ, ವಿಮಾನ ಹಾರಿಸುವುದನ್ನು ಕಲಿಸುವುದು. ಇಂದು ನಿನ್ನೆಯದಲ್ಲ, ಇಪ್ಪತ್ತು ವರ್ಷ ದಾಟಿತ್ತು. ಊರಾಚೆ ಒಂದು ಚಿಕ್ಕ ರನ್‌ವೇ, ಅದರ ಪಕ್ಕಕ್ಕೆ ತಗಡಿನ ಹ್ಯಾಂಗರ್, ಒಳಗೆ ಒಂಟಿ ಪ್ರೊಪೆಲ್ಲರಿನ ಪುಟ್ಟ ವಿಮಾನಗಳು. ಎಡ ಸೀಟಿನಲ್ಲಿ ಕಲಿಯುವವರು, ಬಲ ಸೀಟಿನಲ್ಲಿ ಕಲಿಸುವವರು. ಆ ಬಲ ಸೀಟಿಗೆ ಬಾಳುವೆ ಮಾಡಲು ಯಾರೂ ಬರುವುದಿಲ್ಲ. ಬರುವ ಹುಡುಗರೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ. ಹಾರಾಟದ ಗಂಟೆಗಳು ಸಾಕಷ್ಟು ಸೇರುವವರೆಗೆ ಕಲಿಸುತ್ತಾರೆ, ದೊಡ್ಡ ವಿಮಾನ ಕಂಪನಿಯ ಕರೆ ಬಂದ ದಿನ ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಬೀಳ್ಕೊಡುವ ಕೇಕಿನ ಮೊದಲ ತುಂಡನ್ನು ಪ್ರತಿ ಸಲವೂ ದೊಡ್ಡಮ್ಮನ ಬಾಯಿಗಿಡುವುದು ಅಲ್ಲಿ ರೂಢಿಯಾಗಿಬಿಟ್ಟಿತ್ತು.

ಅವಳೂ ಒಮ್ಮೆ ಹೋಗಿದ್ದಳು, ದೊಡ್ಡ ಕಂಪನಿಗೆ. ವರ್ಷ ತುಂಬುವ ಮೊದಲೇ ವಾಪಸ್ಸು ಬಂದಳು. ಕೈಗೆ ಬಂದ ತುತ್ತನ್ನು ಚೆಲ್ಲಿದೆಯಲ್ಲೇ ಎಂದು ತಂಗಿ ಬಾಯಿ ಬಡಿದುಕೊಂಡಾಗ ದೊಡ್ಡಮ್ಮ ಹೇಳಿದ್ದಿಷ್ಟು: “ಅಲ್ಲಿ ವಿಮಾನ ತಾನಾಗೇ ಹೋಗುತ್ತೆ ಕಣೇ. ನಾನು ಸುಮ್ನೆ ಕೂತು ನೋಡ್ತಾ ಇರಬೇಕು. ಸುಮ್ನೆ ಕೂತು ನೋಡೋದು ನನ್ನ ಕೈಲಾಗೋ ಕೆಲಸ ಅಲ್ಲ.”

ಆಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ. ನೆಂಟರಿಷ್ಟರು ಎದುರು ಸಿಕ್ಕಾಗಲೆಲ್ಲ “ಇನ್ನೂ ಅದೇ ಸ್ಕೂಲಾ?” ಎಂದು ಕೇಳುತ್ತಿದ್ದರು, ಫೇಲಾದ ಮಗುವನ್ನು ವಿಚಾರಿಸಿದ ಹಾಗೆ. “ಅದೇ ಸ್ಕೂಲು, ಅದೇ ಸೀಟು, ಏನೀಗ?” ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ: ಕಣ್ಣು ಮಂಜಾಗುವವರೆಗೆ ಆ ಬಲ ಸೀಟಿನಲ್ಲಿ ಕೂತು ಕಲಿಸುವುದು.

ಅವಳ ಒಂದು ಮಾತು ಹ್ಯಾಂಗರಿನ ತುಂಬ ಹೆಸರಾಗಿತ್ತು. “ಬಲಗಾಲು!” ಆ ಪುಟ್ಟ ವಿಮಾನಗಳು ರನ್‌ವೇ ಮೇಲೆ ಜೋರಾಗಿ ಓಡತೊಡಗಿದರೆ ಪ್ರೊಪೆಲ್ಲರಿನ ಸೆಳೆತಕ್ಕೆ ಮೂತಿ ಎಡಕ್ಕೆ ತಿರುಗಿಕೊಳ್ಳುತ್ತದೆ, ಹಟಮಾರಿ ಕರು ಹಗ್ಗ ಜಗ್ಗಿದಂತೆ. ಅದನ್ನು ಬಿಳಿ ಗೆರೆಯ ಮೇಲೆ ನೇರ ಓಡಿಸಬೇಕಾದರೆ ಬಲಗಾಲಿನ ಪೆಡಲನ್ನು ಹದವಾಗಿ ಒತ್ತುತ್ತಲೇ ಇರಬೇಕು. ಪೆಡಲುಗಳು ಎರಡೂ ಸೀಟಿನ ಮುಂದೆ ಇರುತ್ತವೆ, ಒಂದಕ್ಕೊಂದು ಜೋಡಿಸಿರುತ್ತವೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯದೂ ಇಳಿಯುತ್ತದೆ. ಹುಡುಗರು ಕೈಯಲ್ಲಿರುವುದನ್ನು ನೆನಪಿಟ್ಟುಕೊಳ್ಳುತ್ತಾರೆ, ಕಾಲನ್ನು ಮರೆಯುತ್ತಾರೆ. ಆಗ ಬಲ ಸೀಟಿನಿಂದ ದೊಡ್ಡಮ್ಮನ ಗುಡುಗು: “ಬಲಗಾಲು! ಬಲಗಾಲು, ನಿಮ್ಮಪ್ಪ ಕೊಟ್ಟಿರೋದು ಒತ್ತೋಕೆ, ಮಡಚಿ ಇಡೋಕಲ್ಲ!” ಪೆಟ್ರೋಲು ತುಂಬಿಸುವವನು ಕೂಡ ಕಾಫಿ ಕುಡಿಯುವಾಗ ಅದನ್ನು ಅಣಕಿಸಿ ತೋರಿಸುತ್ತಿದ್ದ. ಅವಳ ಎದುರಿಗೇ ತೋರಿಸುತ್ತಿದ್ದ, ಅವಳೂ ನಗುತ್ತಿದ್ದಳು.

ಅವಳಿಗೊಂದು ಹೆಮ್ಮೆಯೂ ಇತ್ತು. ಬೇರೆಯವರ ಹತ್ತಿರ ಕಲಿಯುವ ಹುಡುಗರು ಮೊದಮೊದಲು ವಿಮಾನದಿಂದ ಇಳಿದು ಬಲಗಾಲು ಎಳೆದುಕೊಂಡು ನಡೆಯುತ್ತಿದ್ದರು. “ನನ್ನ ಮಕ್ಕಳಿಗೆ ಕಾಲು ನೋಯಲ್ಲ. ಒತ್ತೋದ್ರಲ್ಲೂ ಒಂದು ಹದ ಇದೆ. ಅದನ್ನ ಹೇಳ್ಕೊಡೋಕೆ ಬರಬೇಕು” ಎಂದು ದೊಡ್ಡಮ್ಮ ಬೀಗುತ್ತಿದ್ದಳು.

ದೊಡ್ಡಮ್ಮ ಎಂಬ ಹೆಸರು ಅಲ್ಲಿಗೆ ಬಂದದ್ದು ಪುಟ್ಟಿಯಿಂದ. ಪುಟ್ಟಿ ಎಂದರೆ ತಂಗಿಯ ಮಗಳು, ಕಾಲೇಜು ಮುಗಿಸಿದ ಹುಡುಗಿ. ಚಿಕ್ಕಂದಿನಿಂದ ವಿಮಾನದ ಹುಚ್ಚು. ದೊಡ್ಡಮ್ಮನ ಮನೆಯಲ್ಲೇ ಇದ್ದುಕೊಂಡು ಕಲಿಯಲು ಬಂದವಳು, ಮೊದಲ ದಿನವೇ ಹ್ಯಾಂಗರಿನ ಬಾಗಿಲಲ್ಲಿ ನಿಂತು “ದೊಡ್ಡಮ್ಮಾ, ಊಟದ ಡಬ್ಬಿ ಕಾರಲ್ಲೇ ಬಿಟ್ಟು ಬಂದಿದ್ದೀರಾ!” ಎಂದು ಕೂಗಿದ್ದಳು. ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ಕುಗಳ ಬಾಯಲ್ಲೂ ದೊಡ್ಡಮ್ಮ. ಅದುವರೆಗೆ ಮೇಡಂ ಆಗಿದ್ದವಳು ಒಂದೇ ದಿನದಲ್ಲಿ ಊರಿಗೆಲ್ಲ ದೊಡ್ಡಮ್ಮನಾದಳು. ಮೇಡಂ ಎನ್ನುವವನು ಒಬ್ಬನೇ ಉಳಿದ, ಸ್ಕೂಲಿನ ಚೀಫ್. ಅವನು ಅವಳದೇ ಹಳೆಯ ಶಿಷ್ಯ.

“ಅಕ್ಕಾ, ನಿನ್ನ ಮಡಿಲಿಗೆ ಹಾಕಿದ್ದೀನಿ,” ಎಂದಿದ್ದಳು ತಂಗಿ.

“ಮಡಿಲಲ್ಲಿ ಕೂರಿಸ್ಕೊಂಡು ವಿಮಾನ ಕಲಿಸೋಕಾಗಲ್ಲ ಕಣೇ. ಪಕ್ಕದಲ್ಲಿ ಕೂರಿಸ್ಕೊಳ್ತೀನಿ.”

ಪುಟ್ಟಿ ಚೆನ್ನಾಗಿ ಕಲಿತಳು. ಚೆನ್ನಾಗಿ ಎಂದರೆ ಸಾಧಾರಣ ಚೆನ್ನಾಗಲ್ಲ. ಬಿಳಿ ಗೆರೆ ಬಿಟ್ಟು ಚಕ್ರ ಒಂದು ಗೇಣು ಆಚೀಚೆ ಹೋಗುತ್ತಿರಲಿಲ್ಲ. ಇಳಿಸಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಇನ್ನೇನು ಒಬ್ಬಳೇ ಹಾರುವ ದಿನ ಹತ್ತಿರ ಬಂತು. ಅದಕ್ಕೆ ಮೊದಲು ಚೀಫ್ ಒಮ್ಮೆ ಜೊತೆಗೆ ಕೂತು ಪರೀಕ್ಷೆ ಮಾಡುವುದು ಸ್ಕೂಲಿನ ಕ್ರಮ. ದೊಡ್ಡಮ್ಮ ಹ್ಯಾಂಗರಿನ ನೆರಳಲ್ಲಿ ಕಾಫಿ ಲೋಟ ಹಿಡಿದು ನಿಂತಳು, ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ನಿಂತ ಗತ್ತಿನಲ್ಲಿ.

ವಿಮಾನ ಓಡತೊಡಗಿತು. ಓಡುತ್ತ ಓಡುತ್ತ ಎಡಕ್ಕೆ ವಾಲಿತು. ಹಾವಿನ ಹಾಗೆ ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಕೊನೆಗೆ ಸದ್ದು ತಗ್ಗಿ, ಹಾರದೆಯೇ ನಿಂತುಬಿಟ್ಟಿತು. ದೊಡ್ಡಮ್ಮ ಕಾಫಿ ಲೋಟವನ್ನು ಅಲ್ಲೇ ನೆಲಕ್ಕಿಟ್ಟು ಹೊರಟಳು.

ಚೀಫ್‌ನ ರೂಮಿನಲ್ಲಿ ಅವಳು ಕಾಲು ಕೆರೆದು ಜಗಳಕ್ಕೆ ನಿಂತಳು. “ಏನು ಮಾಡಿದಿರಿ ಮಗೂಗೆ? ಹೆದರಿಸಿದಿರಾ? ನನ್ನ ಜೊತೆ ನೀಟಾಗಿ ಹಾರಿಸ್ತಾಳೆ!”

“ಮೇಡಂ, ಅವಳಿಗೆ ಬಲಗಾಲು ಅನ್ನೋದೇ ಗೊತ್ತಿಲ್ಲ.”

“ಯಾರಿಗೆ? ನನ್ನ ಸ್ಟೂಡೆಂಟಿಗೆ? ಬಲಗಾಲು ಗೊತ್ತಿಲ್ವಾ? ರೀ, ನಿಮಗೆ ಬಲಗಾಲು ಹೇಳ್ಕೊಟ್ಟಿದ್ದು ಯಾರು?”

“ನೀವೇ,” ಎಂದ ಚೀಫ್ ಮೆಲ್ಲಗೆ. “ಅದಕ್ಕೇ ನನಗೂ ಅರ್ಥ ಆಗ್ತಿಲ್ಲ. ಹೋದ ತಿಂಗಳು ನಿಮ್ಮ ಇನ್ನೊಬ್ಬ ಹುಡುಗನ್ನೂ ನಾನು ನೋಡಿದೆ. ಅವನೂ ಹೀಗೇ. ನಾಳೆ ನೀವಿಬ್ರೂ ಹಾರಿ. ನಾನು ಹಿಂದಿನ ಸೀಟಲ್ಲಿ ಕೂರ್ತೀನಿ. ಬಾಯಿ ಬಿಡಲ್ಲ.”

“ಕೂರಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂರಿ!”

ಮರುದಿನ ಪುಟ್ಟಿ ಮಲ್ಲಿಗೆ ಮೊಗ್ಗು ಪೋಣಿಸಿದಷ್ಟು ನೇರವಾಗಿ ವಿಮಾನ ಓಡಿಸಿದಳು, ಹಾರಿಸಿದಳು, ಇಳಿಸಿದಳು. ಎಂಜಿನ್ ಆರಿಸಿದ ಮೇಲೆ ದೊಡ್ಡಮ್ಮ ಹಿಂದಕ್ಕೆ ತಿರುಗಿ, “ಈಗೇನಂತೀರಿ?” ಎಂದಳು. ಚೀಫ್ ಬೆನ್ನು ಬಗ್ಗಿಸಿ ಕೂತಿದ್ದ. ಅವನು ಇಡೀ ಹೊತ್ತು ಹೊರಗೆ ನೋಡಿಯೇ ಇರಲಿಲ್ಲ.

“ಪುಟ್ಟಿ, ನೀನು ಹೋಗಿ ಕಾಫಿ ಕುಡೀ,” ಎಂದ. ಅವಳು ಇಳಿದು ದೂರ ಹೋಗುವವರೆಗೆ ಕಾದ. “ಮೇಡಂ, ಬೇಜಾರು ಮಾಡ್ಕೋಬೇಡಿ. ಒತ್ತಿದ್ದು ನೀವು.”

“ಏನು ಒತ್ತಿದ್ದು?”

“ಬಲಗಾಲು. ಅವಳ ಕಾಲು ಪೆಡಲ್ ಮೇಲೆ ಸುಮ್ನೆ ಇತ್ತು, ಚಪ್ಪಲಿ ಮೇಲೆ ಇಟ್ಟ ಹಾಗೆ. ನೀವು ‘ಬಲಗಾಲು’ ಅಂತ ಕೂಗ್ತೀರಲ್ಲ, ಕೂಗೋಕೆ ಮೊದಲೇ ನಿಮ್ಮ ಕಾಲು ಒತ್ತಿಬಿಟ್ಟಿರುತ್ತೆ. ಮೊದಮೊದಲು ಅಲ್ಪಸ್ವಲ್ಪ ಇತ್ತೇನೋ, ಈಗ ಪ್ರತೀ ಸಲ.”

ದೊಡ್ಡಮ್ಮನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಅವಳ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ ಇರುವಂಥದ್ದು. ಬಾಯಿ ತೆರೆದು ನಾಲ್ಕು ಮಾತು ಬೈಯಬೇಕೆಂದಿದ್ದಳು, ಅಷ್ಟರಲ್ಲಿ ಮಂಡಿ ಚುಳುಕ್ಕೆಂದಿತು. ಬಲಮಂಡಿ. ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

“ನಿಮ್ಮ ಕಾಲದಲ್ಲೂ ನಾನು ಒತ್ತುತ್ತಿದ್ನಾ?” ಎಂದಳು ಮಂಡಿಯ ಮೇಲೆ ಕೈಯಿಟ್ಟು.

“ಇಲ್ಲ ಮೇಡಂ. ನನ್ನನ್ನ ನೀವು ಹುಲ್ಲಿನ ಅಂಚಿನ ತನಕ ಹೋಗೋಕೆ ಬಿಟ್ಟಿದ್ರಿ. ಕೈ ಕಟ್ಕೊಂಡು ಕೂತು ‘ಎಲ್ಲಿಗೆ ಸವಾರಿ?’ ಅಂತ ಕೇಳಿದ್ರಿ. ನನ್ನ ಜೀವ ಬಾಯಿಗೆ ಬಂದಿತ್ತು. ಆವತ್ತೇ ನಾನು ಕಲಿತಿದ್ದು.”

ಇಬ್ಬರಿಗೂ ಗೊತ್ತಿತ್ತು, ಅದು ಯಾವಾಗ ಬದಲಾಯಿತು ಎಂದು. ಆರೇಳು ವರ್ಷಗಳ ಹಿಂದೆ ಹೀಗೇ ಒಬ್ಬ ಹುಡುಗನನ್ನು ಅಂಚಿನವರೆಗೆ ಬಿಟ್ಟಿದ್ದಳು. ಅವನು ಗಾಬರಿಯಲ್ಲಿ ಪೆಡಲ್ ಮೇಲೆ ಮರಗಟ್ಟಿ ಕೂತ. ಅವಳು ಹಿಡಿಯುವಷ್ಟರಲ್ಲಿ ವಿಮಾನ ಅಂಚಿನಾಚೆಯ ತಗ್ಗಿಗೆ ಹೋಗಿ ಮಗ್ಗುಲಾಯಿತು. ಅವನ ಹೆಗಲ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು, ಹುಡುಗ ಮಾತ್ರ ಮತ್ತೆಂದೂ ವಿಮಾನ ಹತ್ತಲಿಲ್ಲ. ತಪ್ಪು ನಿಮ್ಮದಲ್ಲ ಎಂದು ಎಲ್ಲರೂ ಹೇಳಿದರು. ಅವಳೂ ಹೌದೆಂದು ತಲೆಯಾಡಿಸಿ ಮರುವಾರ ಕೆಲಸಕ್ಕೆ ಬಂದಿದ್ದಳು. ತಲೆ ಒಪ್ಪಿಕೊಂಡಿತ್ತು, ಕಾಲು ಒಪ್ಪಿಕೊಂಡಿರಲಿಲ್ಲ ಎನ್ನುವುದು ಅವಳಿಗೆ ತಿಳಿದದ್ದು ಈಗ.

“ಬಿಟ್ಟುಬಿಡ್ತೀನಿ. ಅದೇನು ಮಹಾ? ನನ್ನ ಕಾಲು, ನನ್ನ ಮಾತು ಕೇಳಲ್ವಾ?” ಎಂದಳು.

“ಒಂದು ತಿಂಗಳು ನೋಡೋಣ ಮೇಡಂ. ಆಗ್ಲಿಲ್ಲ ಅಂದ್ರೆ...” ಚೀಫ್ ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ತನ್ನ ಕಾಲನ್ನು ತಾನು ಹಿಡಿದಿಟ್ಟುಕೊಳ್ಳಲಾರದವಳನ್ನು ಬಲ ಸೀಟಿನಲ್ಲಿ ಕೂರಿಸುವ ಹಾಗಿಲ್ಲ.

ಕಾಲು ಮಾತು ಕೇಳಲಿಲ್ಲ. ಕೇಳುವುದಾದರೂ ಹೇಗೆ? ಅಡಿ ಎರಡನ್ನೂ ನೆಲಕ್ಕೆ ಒತ್ತಿ ಕೂತಳು. ವಿಮಾನ ವೇಗ ಹಿಡಿದದ್ದೇ ತಡ, ಬಲಗಾಲು ಸದ್ದಿಲ್ಲದೆ ಎದ್ದು ಪೆಡಲಿನ ಮೇಲೆ ಹೋಗಿ ಕೂತಿತು, ಅಡುಗೆಮನೆಗೆ ನುಗ್ಗುವ ಬೆಕ್ಕಿನಂತೆ. ಷೂ ಬಿಚ್ಚಿಟ್ಟು ಬರಿಗಾಲಲ್ಲಿ ಕೂತಳು, ತಣ್ಣನೆಯ ಲೋಹ ತಾಕಿದರೆ ಎಚ್ಚರವಾದೀತು ಎಂದು. ಲೋಹ ತಾಕಿತು, ಎಚ್ಚರವಾಯಿತು, ಅಷ್ಟರಲ್ಲಿ ಒತ್ತಿ ಆಗಿತ್ತು. ಸೀಟನ್ನು ಹಿಂದೆ ಸರಿಸಿದಳು. ಚೀಫ್ ಓಡಿ ಬಂದು ಬೇಡವೆಂದ. ಹೆಚ್ಚುಕಡಿಮೆಯಾದರೆ ಕಲಿಸುವವರ ಕಾಲು ಪೆಡಲಿಗೆ ಎಟುಕಲೇಬೇಕು, ಅದು ನಿಯಮ. ಎಟುಕಬೇಕು, ಆದರೆ ಮುಟ್ಟಬಾರದು. ಇದೆಂಥ ಪೀಕಲಾಟ ಹೇಳಿ! ದೂರ ಕೂರುವ ಹಾಗಿಲ್ಲ, ಹತ್ತಿರ ಕೂತರೆ ಕಾಲು ಸುಮ್ಮನಿರುವುದಿಲ್ಲ.

ಮನೆಯಲ್ಲೂ ಅಭ್ಯಾಸ ನಡೆಯಿತು. ಊಟದ ಮೇಜಿನ ಎರಡು ಕುರ್ಚಿಗಳನ್ನು ಅಕ್ಕಪಕ್ಕ ಹಾಕಿ ದೊಡ್ಡಮ್ಮ, ಪುಟ್ಟಿ ಕೂರುತ್ತಿದ್ದರು. ಮುಂದೆ ಎರಡು ಜೊತೆ ಚಪ್ಪಲಿ, ಪೆಡಲುಗಳು ಎಂದು. ಪುಟ್ಟಿ ಬಾಯಲ್ಲಿ ಎಂಜಿನ್ ಸದ್ದು ಮಾಡುತ್ತಿದ್ದಳು. ಗಂಡ ಬಗ್ಗಿ ನೋಡುತ್ತಿದ್ದ.

“ಒತ್ತಿದೆ ನೋಡೇ.”

“ಇಲ್ಲ!”

“ಚಪ್ಪಲಿ ಅಪ್ಪಚ್ಚಿಯಾಗಿದೆ, ಇಲ್ಲ ಅಂತೀಯಲ್ಲ!”

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ದೊಡ್ಡಮ್ಮ ಎದ್ದು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಊಟದ ಕುರ್ಚಿಯ ಮೇಲೆ ಕೂತರೂ ಹೀಗಾದರೆ ಇನ್ನು ಯಾವ ದಾರಿ?

ಸ್ಕೂಲಿನಲ್ಲಿ ಗುಟ್ಟು ರಟ್ಟಾಗಿತ್ತು. ಅವಳ ಹುಡುಗರು ಓಡಿಸುತ್ತ ಓಡಿಸುತ್ತ ಒಮ್ಮೆ ಅವಳ ಕಾಲಿನ ಕಡೆ ಕದ್ದು ನೋಡುತ್ತಿದ್ದರು. ಅಣಕಿಸುತ್ತಿದ್ದ ಪೆಟ್ರೋಲಿನವನು ಅಣಕಿಸುವುದನ್ನು ನಿಲ್ಲಿಸಿಬಿಟ್ಟ. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. “ಏನಯ್ಯಾ, ಬಾಯಿ ಬಿದ್ದುಹೋಯ್ತಾ? ಮಾಡೋ ಆಟ ಮಾಡು!” ಎಂದು ಕೇಳಿದರೆ, ಅವನು ತಲೆ ತಗ್ಗಿಸಿ ಪೈಪು ಸುತ್ತತೊಡಗಿದ.

ತಿಂಗಳು ಮುಗಿಯುವ ವಾರ, ಒಂದು ಬೆಳಿಗ್ಗೆ. ಎಡಗಡೆಯಿಂದ ಗಾಳಿ ಇತ್ತು, ತೀರಾ ಜೋರಲ್ಲ. ಎಡ ಸೀಟಿನಲ್ಲಿ ಪುಟ್ಟಿ. ದೊಡ್ಡಮ್ಮ ಹತ್ತುವ ಮೊದಲೇ ಒಂದು ತೀರ್ಮಾನ ಮಾಡಿದ್ದಳು: ಇವತ್ತು ಏನೇ ಆಗಲಿ, ಕಾಲು ಏಳಿಸುವುದಿಲ್ಲ, ಬಾಯಿಯನ್ನೂ ತೆರೆಯುವುದಿಲ್ಲ. ಬಾಯಿ ತೆರೆದರೆ ಕಾಲು ಏಳುತ್ತದೆ, ಎರಡಕ್ಕೂ ಒಂದೇ ದಾರ ಕಟ್ಟಿದೆ ಎಂದು ಅವಳಿಗೆ ಅನ್ನಿಸಿತ್ತು. ಎಡಪಾದವನ್ನು ಬಲಪಾದದ ಮೇಲಿಟ್ಟು ತುಳಿದು ಹಿಡಿದು ಕೂತಳು.

ವಿಮಾನ ಓಡಿತು. ಮೂತಿ ಎಡಕ್ಕೆ ಸರಿಯಿತು. ಸ್ವಲ್ಪ. ಬಲಗಾಲು ಕೆಳಗೆ ಮಿಸುಕಿತು, ಅವಳು ಎಡಗಾಲಿನಿಂದ ಅದುಮಿದಳು. ಮೂತಿ ಇನ್ನೂ ಸರಿಯಿತು. ಒತ್ತು ಮಗಳೇ, ಒತ್ತು, ಎಂದು ಒಳಗೇ ಹೇಳಿಕೊಂಡಳು. ಗಾಳಿಯೂ ಸೇರಿಕೊಂಡು ಬಿಳಿ ಗೆರೆ ಬಲಕ್ಕೆ ಜಾರಿತು. ಅವಳ ಇಪ್ಪತ್ತು ವರ್ಷದ ಬುದ್ಧಿ ‘ಈಗ!’ ಎಂದಿತು. ಇದು ನಿಜವಾಗಿ ಒತ್ತಬೇಕಾದ ಹೊತ್ತೋ, ಹೆದರಿದ ಕಾಲಿನ ಚಟವೋ? ಆ ಒಂದು ಗಳಿಗೆ ಅವಳಿಗೆ ತಿಳಿಯಲಿಲ್ಲ. ನಿಜವಾಗಿಯೂ ತಿಳಿಯಲಿಲ್ಲ. ಪಕ್ಕಕ್ಕೆ ನೋಡಿದರೆ ಪುಟ್ಟಿಯ ಮುಖದಲ್ಲಿ ಗಾಬರಿಯೇ ಇಲ್ಲ, ಬಸ್ಸಿಗೆ ಕಾಯುವವಳಂತೆ ನೆಮ್ಮದಿಯಾಗಿ ಕೂತಿದ್ದಳು.

ಅಷ್ಟರಲ್ಲಿ ಚಕ್ರ ಹುಲ್ಲಿಗಿಳಿಯಿತು. ಫಟ್ಟೆಂದು ರನ್‌ವೇ ಅಂಚಿನ ದೀಪ ಒಡೆಯಿತು. ಆಗ ದೊಡ್ಡಮ್ಮನಿಗೆ ಕೈಕಾಲು ಎಲ್ಲ ಒಟ್ಟಿಗೆ ಬಂದವು. ಎಂಜಿನ್ ತಗ್ಗಿಸಿದಳು, ಬ್ರೇಕು ಒತ್ತಿದಳು. ಮುಂದಿನ ಚಕ್ರ ಮೋರಿಗೆ ಇಳಿದು, ಪ್ರೊಪೆಲ್ಲರ್ ಮಣ್ಣಿಗೆ ಬಡಿದು ಬಾಗಿ, ಎಲ್ಲ ನಿಂತಿತು.

“ಪೆಟ್ಟಾಯ್ತಾ? ಎಲ್ಲಾದ್ರೂ ಪೆಟ್ಟಾಯ್ತಾ ಮಗಳೇ?”

ಪುಟ್ಟಿಗೆ ಏನೂ ಆಗಿರಲಿಲ್ಲ. ನಾಲಿಗೆ ಕಚ್ಚಿಕೊಂಡಿದ್ದಳು, ತುಟಿಯಲ್ಲಿ ಸ್ವಲ್ಪ ರಕ್ತ. ಅವಳು ದೊಡ್ಡಮ್ಮನ ಪಾದಗಳನ್ನು ನೋಡುತ್ತಿದ್ದಳು, ಒಂದರ ಮೇಲೊಂದು ಇದ್ದವುಗಳನ್ನು.

“ನೀವು ಒತ್ತುತ್ತೀರಿ ಅಂದ್ಕೊಂಡೆ ದೊಡ್ಡಮ್ಮಾ,” ಎಂದಳು. “ಬೇಕಾದಾಗ ಒತ್ತೇ ಒತ್ತುತ್ತೀರಲ್ಲ ಅಂತ ಕಾಯ್ತಾ ಇದ್ದೆ.”

ಚೀಫ್ ರೂಮಿನಲ್ಲಿ ಈ ಸಲ ಜಗಳವಾಗಲಿಲ್ಲ. ಅವನು ಎದ್ದು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ. ಕಿಟಕಿಯಾಚೆ ಟ್ರಾಕ್ಟರು ವಿಮಾನವನ್ನು ಮೋರಿಯಿಂದ ಎಳೆಯುತ್ತಿತ್ತು, ಪೆಟ್ರೋಲಿನವನು ಬಾಲಕ್ಕೆ ಹೆಗಲು ಕೊಟ್ಟಿದ್ದ.

“ಮೇಡಂ, ನನಗೆ ಬೇರೆ ದಾರಿ ಇಲ್ಲ.”

“ಇದ್ದಿದ್ರೆ ನಾನೇ ಹುಡುಕ್ತಿದ್ದೆ ಬಿಡಿ.”

“ಕ್ಲಾಸಿನ ಪಾಠ ತಗೊಳ್ಳಿ. ಹವಾಮಾನ, ಎಂಜಿನ್ನು, ನಕ್ಷೆ. ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ.”

“ಎಷ್ಟು ದಿನ?”

ಚೀಫ್ ಟ್ರಾಕ್ಟರಿನ ಕಡೆ ನೋಡಿದ. ಅವಳಿಗೆ ಉತ್ತರ ಸಿಕ್ಕಿತು: ಇನ್ನು ಬಲ ಸೀಟಿಲ್ಲ.

“ಒತ್ತಿದ್ರೂ ತಪ್ಪು, ಒತ್ತದಿದ್ರೂ ತಪ್ಪು,” ಎಂದಳು. “ದೊಡ್ಡ ಕಂಪನಿ ಬಿಟ್ಟು ಬಂದಾಗ ತಂಗಿ ಹತ್ರ ಜಂಬ ಕೊಚ್ಚಿದ್ದೆ ಕಣ್ರೀ, ಸುಮ್ನೆ ಕೂತು ನೋಡೋದು ನನ್ನ ಕೈಲಾಗಲ್ಲ ಅಂತ. ಕಲಿಸೋದು ಅಂದ್ರೆ ಅದೇ ಅಲ್ವಾ? ಸುಮ್ನೆ ಕೂತು ನೋಡೋದು. ಮೊದಲು ಬರ್ತಿತ್ತು ನನಗೆ. ಬರ್ತಿತ್ತಲ್ವಾ?”

“ಬರ್ತಿತ್ತು ಮೇಡಂ. ನಿಮ್ಮಷ್ಟು ಚೆನ್ನಾಗಿ ಬರ್ತಿದ್ದವರನ್ನ ನಾನು ನೋಡಿಲ್ಲ.”

“ಪುಟ್ಟೀನ ನೀವೇ ಕಲಿಸಿ. ಅಂಚಿನ ತನಕ ಬಿಡಿ. ದೊಡ್ಡಮ್ಮ ಬೈತಾಳೆ ಅಂತ ಹೆದರಬೇಡಿ.”

ಹೀಗೆ ದೊಡ್ಡಮ್ಮ ನೆಲಕ್ಕಿಳಿದಳು. ಹ್ಯಾಂಗರಿನ ಹಿಂದಿನ ಕೋಣೆಯಲ್ಲಿ ಬೋರ್ಡಿನ ಮೇಲೆ ಮೋಡ ಬರೆದಳು, ಗಾಳಿಗೆ ಬಾಣ ಬರೆದಳು. ಹುಡುಗರು ಶ್ರದ್ಧೆಯಿಂದ ಕೇಳುತ್ತಿದ್ದರು, ಬೇಕಾದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ. ಹೊರಗೆ ಎಂಜಿನ್ನಿನ ಸದ್ದು ಏರಿದಾಗ ಅವಳ ಮಾತು ನಿಂತುಹೋಗುತ್ತಿತ್ತು. ಮೇಜಿನ ಕೆಳಗೆ ಬಲಪಾದ ನೆಲವನ್ನು ಒತ್ತುತ್ತಿತ್ತು. ಸದ್ದು ಗಾಳಿಗೇರಿ ದೂರವಾದ ಮೇಲೆ, “ಎಲ್ಲಿದ್ವಿ?” ಎಂದು ಕೇಳುತ್ತಿದ್ದಳು. ಮೊದಮೊದಲು ಯಾರೋ ಒಬ್ಬರು ನಗುತ್ತಿದ್ದರು, ಆಮೇಲೆ ಯಾರೂ ನಗಲಿಲ್ಲ.

ತಂಗಿ ಫೋನು ಮಾಡಿ, “ಹೋಗ್ಲಿ ಬಿಡಕ್ಕ, ಇನ್ನಾದ್ರೂ ಆರಾಮಾಗಿರು. ನೆಲದ ಮೇಲಿನ ಕೆಲಸ, ಅಪಾಯ ಇಲ್ಲ,” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ದೊಡ್ಡಮ್ಮ “ಹೂಂ” ಎಂದು ಇಟ್ಟುಬಿಟ್ಟಳು.

ಹೀಗೇ ಕೆಲವು ವಾರ ಕಳೆದಿರಬೇಕು. ಒಂದು ಸಂಜೆ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಮನೆಯ ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲಿ ನಿಂತುಬಿಟ್ಟಳು. ಏನೋ ಮರೆತು ಬಂದ ಹಾಗಿತ್ತು. ಚೀಲ ಎರಡೂ ಇವೆ, ಬೀಗದ ಕೈ ಇದೆ. ಮತ್ತೇನು? ‘ಅಮ್ಮಾ’ ಎನ್ನುವುದನ್ನು ಮರೆತಿದ್ದಳು. ಕೆಳಗಿಳಿದು ಮತ್ತೆ ಹತ್ತಿದಳು. ಮಂಡಿ ತಣ್ಣಗಿತ್ತು. ಐದಾರು ವರ್ಷ ಯಾವ ಮುಲಾಮಿಗೂ ಜಗ್ಗದ ನೋವು ಹೇಳದೆ ಕೇಳದೆ ಹೊರಟುಹೋಗಿತ್ತು.

ಯಾರಿಗೂ ಹೇಳಲಿಲ್ಲ. ಸಂಜೆ ಗಂಡ ಸ್ಟೂಲು ಎಳೆದುಕೊಂಡು ಕೂತಾಗ ಎಂದಿನಂತೆ ಕಾಲು ಚಾಚಿದಳು. “ಇಲ್ಲಿ?” ಎಂದರೆ “ಹೂಂ, ಅಲ್ಲೇ,” ಎಂದಳು. ಮರುದಿನವೂ ಚಾಚಿದಳು. ನೋವಿಲ್ಲದ ಮಂಡಿಗೆ ಗಂಡ ಶ್ರದ್ಧೆಯಿಂದ ಮುಲಾಮು ತಿಕ್ಕುತ್ತಿದ್ದ, ಅವಳು ಆಗಾಗ ಮುಖ ಕಿವುಚುತ್ತಿದ್ದಳು. ತಾನು ಮಾಡುತ್ತಿರುವುದು ಹುಚ್ಚಾಟ ಎಂದು ಅವಳಿಗೂ ಗೊತ್ತಿತ್ತು.

ಪುಟ್ಟಿ ಒಬ್ಬಳೇ ಹಾರುವ ದಿನ ದೊಡ್ಡಮ್ಮನಿಗೆ ಕ್ಲಾಸಿತ್ತು. ಚೀಫ್ ಬಂದು ಕರೆದ, “ಬನ್ನಿ ಮೇಡಂ, ನೀವು ಇರಬೇಕು” ಎಂದ. ಅವಳು ಬರುವುದಿಲ್ಲವೆಂದಳು. ಹುಡುಗರನ್ನೆಲ್ಲ ನೋಡಲು ಕಳಿಸಿ, ಖಾಲಿ ಕೋಣೆಯಲ್ಲಿ ಬೋರ್ಡಿಗೆ ಬೆನ್ನು ಹಾಕಿ ಕಣ್ಣು ಮುಚ್ಚಿ ಕೂತಳು. ಸದ್ದು ಏರಿತು. ನೇರ ಓಡುವ ವಿಮಾನದ ಸದ್ದು ಅವಳಿಗೆ ಗೊತ್ತು, ಅಂಕುಡೊಂಕಾಗುವುದೂ ಗೊತ್ತು. ಅವಳ ಬಲಪಾದ ನೆಲವನ್ನು ಒತ್ತಿತು. ಎಷ್ಟು ಒತ್ತಿದರೂ ಅದು ಸಿಮೆಂಟಿನ ನೆಲ, ಎಲ್ಲಿಗೂ ಜೋಡಿಸಿರಲಿಲ್ಲ. ಸದ್ದು ನೇರವಾಗಿ ಹೋಯಿತು, ಮೇಲೇರಿತು, ಸುತ್ತು ಹಾಕಿ ಬಂದು ಇಳಿಯಿತು. ಹೊರಗೆ ಚಪ್ಪಾಳೆ ಬಿತ್ತು.

ಸಂಜೆ ಗಂಡ ಆಗಲೇ ಡಬ್ಬಿಯ ಮುಚ್ಚಳ ತೆಗೆದು ಸ್ಟೂಲಿನ ಮೇಲೆ ಕೂತಿದ್ದ. ದೊಡ್ಡಮ್ಮನ ಕಾಲು ಅವನ ತೊಡೆಯ ಮೇಲಿತ್ತು. ಬಾಗಿಲು ದಬ್ಬಿಕೊಂಡು ಪುಟ್ಟಿ ಬಂದಳು. ಮುಖವೆಲ್ಲ ಬಾಯಾಗಿ ನಗುತ್ತಿದ್ದಳು, ಬಲಗಾಲು ಎಳೆಯುತ್ತಿದ್ದಳು.

“ದೊಡ್ಡಮ್ಮಾ, ಹಾರಿಸಿದೆ! ಒಬ್ಳೇ! ಗೆರೆ ಬಿಡ್ಲಿಲ್ಲ! ನಿಮ್ಮ ಸೀಟು ಖಾಲಿ ಇತ್ತಲ್ಲ, ಒಂಥರಾ ಆಯ್ತು. ಅಯ್ಯೋ, ಕಾಲು! ಮೂರು ದಿನದಿಂದ ಬೆಳಗಿಂದ ಸಂಜೆ ತನಕ ಒತ್ತಿ ಒತ್ತಿ ಬಲಗಾಲು ಸೀಳಿ ಹೋಗ್ತಿದೆ. ಈ ಮಂಡಿಯಿಂದ ಇಲ್ಲಿ ತನಕ.”

ಅವಳು ಸೋಫಾದ ಮೇಲೆ ಬಿದ್ದುಕೊಂಡಳು. ಬೇರೆಯವರ ಶಿಷ್ಯರು ನಡೆಯುತ್ತಿದ್ದ ಹಾಗೆ ನಡೆದು ಬಂದಿದ್ದಳು, ಥೇಟು ಹಾಗೆಯೇ. ದೊಡ್ಡಮ್ಮ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಗಂಡನ ತೊಡೆಯ ಮೇಲಿಂದ ತನ್ನ ಕಾಲನ್ನು ತೆಗೆದು ನೆಲಕ್ಕಿಟ್ಟು, ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು.

“ಕಾಲು ಚಾಚು ಮಗಳೇ.”

“ಅಯ್ಯೋ ನೀವ್ಯಾಕೆ...”

“ಚಾಚು ಅಂದೆ.” ಮಂಡಿಯ ಒಳಮಗ್ಗುಲಿಗೆ ಬೆರಳಿಟ್ಟಳು, ಕೇಳದೆಯೇ. ಪುಟ್ಟಿ ‘ಅಮ್ಮಾ’ ಎಂದು ಚೀರಿದಳು. ಅಲ್ಲೇ. ಅದೇ ಜಾಗ. ದೊಡ್ಡಮ್ಮ ತಿಕ್ಕತೊಡಗಿದಳು, ಮೆಲ್ಲಗೆ, ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿದ್ದರೂ ಒರೆಸಿಕೊಳ್ಳದೆ.

ಗಂಡ ಖಾಲಿ ಕೈಯಲ್ಲಿ ಕೂತಿದ್ದ. “ಡಬ್ಬೀಲಿ ಸ್ವಲ್ಪಾನೇ ಉಳಿದಿರೋದು. ಎಲ್ಲಾ ಅವಳಿಗೇ ಹಚ್ಚಿದ್ರೆ ನಿನಗೆ?”

“ನನಗೆ ಬೇಡ.”

“ನೋವು?”

“ಹೋಗಿ ಎಷ್ಟೋ ದಿನ ಆಯ್ತು ರೀ,” ಎಂದಳು ದೊಡ್ಡಮ್ಮ. “ವಾಪಸ್ಸು ಬರುತ್ತೇನೋ ಅಂತ ಕಾಯ್ತಾ ಇದ್ದೆ.”